ಒಂದು ಸಾಲು ಬರೆಯಲು ಕೈ ನಡುಗುವುದೇಕೆ?

"ಕಂಪ್ಯೂಟರಿನಲ್ಲಿ ಕನ್ನಡ ಆಗೋಲ್ಲ ಸಾರ್!" ಈ ಹಳೇ ರಾಗ ಇನ್ನೆಷ್ಟು ದಿನ?

ಲ್ಯಾಬು, ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವ ಕನ್ನಡದ ತರುಣ ತರುಣಿಯರೇ, ಕೇಳಿ. ನೂರು ಯಂತ್ರಗಳ ಮುಂದೆ ಒಂದೊಂದಾಗಿ ಕೂತು ಗುಂಡಿ ಒತ್ತುವ ಕಾಲ ಹೋಯಿತು. 2003ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಏಲ್ಕೋ ಡಾಲ್ಸ್ಟ್ರಾ 'ನಿಕ್ಸ್' ಶುರು ಮಾಡಿದರು. ಅದರಿಂದ ಬೆಳೆದ 'ನಿಕ್ಸ್‌ಓಎಸ್'ನಲ್ಲಿ ಯಂತ್ರ ಹೇಗಿರಬೇಕೆಂದು ಒಂದು ಫೈಲಿನಲ್ಲಿ ಬರೆದರೆ ಸಾಕು. ಮಾಡುವ ಕೆಲಸ ಅದರದ್ದು. ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಬಹುದು. ಒಮ್ಮೆ ಬರೆದದ್ದು ನೂರು ಯಂತ್ರಕ್ಕೂ ಸಲ್ಲುತ್ತದೆ.

ಅಲ್ಲಿ ಭಾಷೆಗೆಂದು ಒಂದು ಸಾಲಿದೆ. ನೀವು ಏನೂ ಬರೆಯದಿದ್ದರೆ ಅಮೆರಿಕದ ಇಂಗ್ಲಿಷ್ ಬಂದು ಕೂರುತ್ತದೆ. ನಮ್ಮ ಮೌನವೇ ಇಂಗ್ಲಿಷಿಗೆ ಓಟು! 'ಕೆಎನ್_ಐಎನ್' ಎಂದು ಬರೆಯಿರಿ. ತಾರೀಖು, ವಾರ, ಅನುವಾದವಾದ ಮೆನು ಎಲ್ಲವೂ ಕನ್ನಡಕ್ಕೆ ತಿರುಗುತ್ತವೆ. ಅನುವಾದವಾಗದ್ದು ಇಂಗ್ಲಿಷಿನಲ್ಲೇ ಉಳಿಯುತ್ತದೆ, ನಿಜ. ಅನುವಾದ ಮಾಡಬೇಡಿ ಎಂದು ನಮ್ಮನ್ನು ತಡೆದವರು ಯಾರು? ಮುಕ್ತ ತಂತ್ರಾಂಶದ ಬಾಗಿಲು ತೆರೆದೇ ಇದೆ. ಒಳಗೆ ಹೋಗದವರು ನಾವು!

ಅಂಗಡಿ ಬೋರ್ಡಿನಲ್ಲಿ ಕನ್ನಡ ಎಲ್ಲಿ ಎಂದು ಗದರುವ ನಾವು, ನಮ್ಮದೇ ಕೈಯಲ್ಲಿರುವ ಫೈಲಿನಲ್ಲಿ ಅದನ್ನು ಬರೆಯದಿದ್ದರೆ ಕೇಳಲು ಯಾವ ಬಾಯಿ?

ಇಂದೇ ಫೈಲು ತೆರೆಯಿರಿ. ಆ ಸಾಲು ಬರೆಯಿರಿ!