ಮಕ್ಕಳ ಮೈಮೇಲಿನ ಬಿಳಿ ಕೋಟು

ಸವದತ್ತಿ, ಬೈಲಹೊಂಗಲ, ರಾಮದುರ್ಗ ಸೀಮೆಯ ಗಿರಣಿ ಕಾಮಗಾರರ, ಸಣ್ಣ ವ್ಯಾಪಾರಸ್ಥರ ಮಕ್ಕಳು ಇಂದು ವಿಜ್ಞಾನದ ಕಾಲೇಜು ಸೇರುತ್ತಿದ್ದಾರೆ. ಇದು ಹೆಮ್ಮೆಯ ಮಾತು. ಆದರೆ ಪ್ರಯೋಗಶಾಲೆಯಲ್ಲಿ ಅವರು ತೊಡುವ ಬಿಳಿ ಕೋಟು ಯಾವ ಅರಿವೆಯದೆಂದು ನಾವು ಕೇಳಿದ್ದೇವೆಯೇ? ಇಸ್ತ್ರಿ ಬೇಡ, ಬೇಗ ಒಣಗುತ್ತದೆ, ಸೋವಿ ಎಂದು ಟೆರಿಕಾಟ್ ಕೊಳ್ಳುತ್ತೇವೆ. ಬೆಂಕಿ ಹತ್ತಿದರೆ ಈ ಸೋವಿಯೇ ತುಟ್ಟಿಯಾದೀತು.

ಹತ್ತಿ ಉರಿಯುತ್ತದೆ, ಕರಗುವುದಿಲ್ಲ. ನೈಲಾನು, ಪಾಲಿಯೆಸ್ಟರು ಕರಗಿ ಚರ್ಮಕ್ಕೆ ಅಂಟಿ ಸುಡುತ್ತವೆ. ಎರಡೂ ಬೆರೆತ ಟೆರಿಕಾಟಿನಲ್ಲಿ ಕರಗಿದ ಪಾಲಿಯೆಸ್ಟರನ್ನು ಹತ್ತಿಯ ಎಳೆ ದೀಪದ ಬತ್ತಿಯಂತೆ ಹೀರಿ ಉರಿಸುತ್ತದೆ.

ಇದು ಬರಿಯ ಪುಸ್ತಕದ ಮಾತಲ್ಲ. 2008ರ ಡಿಸೆಂಬರ್ 29ರಂದು ಅಮೇರಿಕೆಯ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಗಾಳಿ ತಾಗಿದರೇ ಹೊತ್ತಿಕೊಳ್ಳುವ ರಾಸಾಯನಿಕ ಚೆಲ್ಲಿ, 23 ವರ್ಷದ ಸಂಶೋಧನಾ ಸಹಾಯಕಿಯ ಕೃತಕ ನೂಲಿನ ಸ್ವೆಟರಿಗೆ ಬೆಂಕಿ ಹತ್ತಿತು. ಮೈಮೇಲೆ ಕೋಟು ಇರಲಿಲ್ಲ. 18 ದಿನಗಳಲ್ಲಿ ಆಕೆ ತೀರಿಕೊಂಡಳು. ಅಷ್ಟು ಸಿರಿವಂತ ಸಂಸ್ಥೆಯಲ್ಲೇ ಹೀಗಾದರೆ ನಮ್ಮ ಪಾಡೇನು?

ಆಯ್ಕೆ ಕಠಿಣವಲ್ಲ. ಬರ್ನರ್ ಮುಂದಿನ ಸಾಮಾನ್ಯ ಪಾಠಕ್ಕೆ ಶುದ್ಧ ಹತ್ತಿಯ, ಪೂರ್ಣ ತೋಳಿನ, ಮೊಣಕಾಲು ಮುಟ್ಟುವ ಕೋಟು ಸಾಕು. ಥಟ್ಟನೆ ಕಳಚಲು ಒತ್ತುಗುಂಡಿ ಇರಲಿ. ಹೊತ್ತಿಕೊಳ್ಳುವ ದ್ರವಗಳನ್ನು ಹೆಚ್ಚಾಗಿ ಬಳಸುವಲ್ಲಿ, ಗಾಳಿಗೇ ಉರಿಯುವ ರಾಸಾಯನಿಕ ಇರುವಲ್ಲಿ ಜ್ವಾಲೆ ತಡೆಯುವ ಸಂಸ್ಕಾರ ಪಡೆದ ಹತ್ತಿ ಅಥವಾ ನೊಮೆಕ್ಸ್‌ನಂಥ ನೂಲಿನ ಕೋಟೇ ಬೇಕು. ಅದೂ ವಜ್ರಕವಚವಲ್ಲ, ಉರಿ ಸರಿದೊಡನೆ ಆರುತ್ತದೆ, ಓಡಲು ಕ್ಷಣ ಕೊಡುತ್ತದೆ, ಅಷ್ಟೆ. ಒಳಗೆ ನೈಲಾನು ಅಂಗಿ ತೊಟ್ಟರೆ ಅದೂ ವ್ಯರ್ಥ. ಸಂಸ್ಕರಿಸಿದ ಹತ್ತಿಯನ್ನು ಬ್ಲೀಚಿಂಗ್ ಪುಡಿಯಲ್ಲಿ ಒಗೆದರೆ ಗುಣ ಕೆಡುತ್ತದೆ.

ಹಣ ಯಾರು ಕೊಡಬೇಕು? ಸುರಕ್ಷತೆಗೆಂದು ಒದಗಿಸಿದ್ದಕ್ಕೆ ಕಾಮಗಾರನಿಂದ ಹಣ ವಸೂಲಿ ಮಾಡಕೂಡದೆಂದು 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಹೇಳುತ್ತದೆ. ವಿದ್ಯಾರ್ಥಿ ಕಾಮಗಾರನಲ್ಲವೆಂದು ಈ ನ್ಯಾಯ ಅವನಿಗೆ ದಕ್ಕದಿರಬೇಕೇ? ಬೆಂಕಿಗೆ ಆ ಭೇದವಿಲ್ಲ. ಪ್ರಯೋಗಶಾಲೆಯ ಶುಲ್ಕ ಪಡೆಯುವ ಆಡಳಿತ ಮಂಡಳಿಗಳೇ ಕೋಟು ಕೊಡಲಿ, ಸಹಾಯಕ ಸಿಬ್ಬಂದಿಗೂ ಕೊಡಲಿ. ಬಟ್ಟೆ ವ್ಯಾಪಾರಿ ಬಂಧುಗಳು ಟೆರಿಕಾಟನ್ನು ಹತ್ತಿಯೆಂದು ಮಾರದಿರಲಿ. ಪಾಲಕರು ಕೊಳ್ಳುವ ಮುನ್ನ ಚೀಟಿ ಓದಿ ಕೇಳಲಿ.

ಹತ್ತಿ ಬೆಳೆಯುವ ಎರೆಭೂಮಿ ನಮ್ಮದು. ನಮ್ಮ ಮಕ್ಕಳಿಗೆ ಒಂದು ಹತ್ತಿಯ ಕೋಟು ಕೇಳುವುದು ಭಿಕ್ಷೆಯಲ್ಲ, ಹಕ್ಕು.