ಸಾಸೇಜ್ ಅಂದ್ರೆ ಯಾವ ಸಾಸೇಜು, ಕೇಳ್ರವ್ವ

ನಮ್ಮ ಬಳಗದ ಮಕ್ಕಳು ಓದಕ್ಕೆ, ಕಂಪ್ಯೂಟರ್ ಕೆಲಸಕ್ಕೆ ಅಂತ ಪೋಲೆಂಡ್‌ಗೂ ಹೋಗವ್ರೆ. ಫೋನ್ ಮಾಡಿ "ಊಟಕ್ಕೇನು?" ಅಂದ್ರೆ "ಸಾಸೇಜ್ ಅಮ್ಮಾ" ಅಂತವೆ. "ಫ್ರಿಜ್ಜಲ್ಲಿ ಇಟ್ಕೊ, ವಾರ ಬತ್ತದೆ" ಅಂತ ತಾಯಂದಿರು ಸಮಾಧಾನ ಮಾಡ್ಕೊತಾರೆ. ನನ್ನ ತಕರಾರು ಈ ಮಾತಿನ ಮೇಲೇ.

ಅಲ್ಲಿ ಸಾಸೇಜ್‌ಗೆಲ್ಲ ಒಟ್ಟಾರೆ ಹೆಸರು ಕಿಯೆವ್ಬಾಸಾ. ನಾವು ಸಾರು ಅಂದಂಗೆ ಅದು. ಉಪ್ಸಾರಾ, ಬಸ್ಸಾರಾ, ಬಾಡಿನ ಸಾರಾ ಅಂತ ಕೇಳದೆ ಯಾರಾದ್ರೂ ಸುಮ್ಕಿರ್ತೀರಾ? ಹಂಗೇ ಇದನ್ನೂ ಕೇಳ್ಬೇಕು: ಹಸೀದಾ, ಹೊಗೆ ಹಾಕಿದ್ದಾ, ಒಣಗಿಸಿದ್ದಾ?

ಬಿಯಾವಾ ಅಂದ್ರೆ ಬಿಳೀದು. ಇದು ಹಸಿ ಹಂದಿಬಾಡು. ಬೆಳ್ಳುಳ್ಳಿ, ಮೆಣಸು, ಜೊತೆಗೆ ಮರುಗ. ನಾವು ಹೂವಿನ ಜೊತೆ ಕಟ್ಟೋ ಅದೇ ಮರುಗ ಕಣ್ರೀ! ಈಸ್ಟರ್ ಹಿಂದಿನ ಶನಿವಾರ ಮೊಟ್ಟೆ, ಬ್ರೆಡ್ ಜೊತೆ ಇದನ್ನೂ ಬುಟ್ಟೀಲಿಟ್ಟು ಚರ್ಚಿಗೆ ಒಯ್ತಾರೆ. ರೈ ಹಿಟ್ಟು ಹುಳಿ ಬರಿಸಿ ಮಾಡೋ ಜುರೆಕ್ ಅನ್ನೋ ಸೂಪಿಗೂ ಹಾಕ್ತಾರೆ. ಹಬ್ಬದ್ದೇ ಆದ್ರೂ ಹಸಿ ಹಸೀನೇ. ಫ್ರಿಜ್ಜಲ್ಲಿ ಒಂದೆರಡು ದಿನ ಅಷ್ಟೆ, ಆಮೇಲೆ ಫ್ರೀಜರ್. ಸಣ್ಣ ಉರೀಲಿ ಒಳಗಂಟ ಬೇಯಿಸ್ಬೇಕು. ಕುದಿಸಿ ಕೊತಕೊತ ಅನ್ನಿಸಿದ್ರೆ ಸಿಪ್ಪೆ ಒಡೆದೋಗ್ತದೆ. ರಕ್ತಕ್ಕೆ ಬಕ್‌ವೀಟ್ ಕಾಳಿನ ನುಚ್ಚು ಬೆರೆಸಿ ತುಂಬೋ ಕಾಶಾಂಕಾನೂ ಬಾಳಿಕೆ ಬರಲ್ಲ, ಬೇಗ ತಿಂದು ಮುಗಿಸ್ಬೇಕು.

ಹಳ್ಳಿಯದು ಅನ್ನೋ ಅರ್ಥದ ವಿಯೆಸ್ಕಾ, ಕ್ರಾಕೋವ್ ಹೆಸರಿನ ಕ್ರಾಕೋಫ್‌ಸ್ಕಾ, ಇವನ್ನ ಉಪ್ಪು ಹಿಡಿಸಿ, ಹೊಗೆ ಹಾಕಿ, ಬಿಸಿನೀರಲ್ಲಿ ಬೇಯಿಸಿರ್ತಾರೆ. ಪೊಟ್ಟಣ ಒಡೆದ ಮೇಲೆ ಫ್ರಿಜ್ಜಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ. ಆ ವಾರದ ಲೆಕ್ಕ ಇದಕ್ಕೆ ಮಾತ್ರ. ಬೆರಳಿನಷ್ಟು ಸಣ್ಣ ಕಬಾನೋಸ್, ಬೇಟೆಗಾರರದು ಅನ್ನೋ ಮಿಶ್ಲಿಫ್‌ಸ್ಕಾ, ಇವನ್ನ ಹೊಗೆ ಹಾಕಿದ ಮೇಲೂ ಒಣಗಿಸ್ತಾರೆ. ಬಾಳಿಕೆ ಜಾಸ್ತಿ. 2011ರಲ್ಲಿ ಯುರೋಪಿಯನ್ ಒಕ್ಕೂಟ ಈ ಎರಡನ್ನೂ ಸಾಂಪ್ರದಾಯಿಕ ತಿನಿಸು ಅಂತ ನೋಂದಾಯಿಸ್ತು.

"ಹಿಂದೆ ಫ್ರಿಜ್ಜೇ ಇರ್ಲಿಲ್ವಲ್ಲ" ಅಂತ ಕೆಲವರು ವಾದ ಮಾಡ್ತಾರೆ. ನಿಜ. ಆದ್ರೆ ಆ ಹಳ್ಳಿಗಳಲ್ಲಿ ಮನೆಯ ಹಂದಿ ಕಡೀತಿದ್ದದ್ದು ಹೆಚ್ಚಾಗಿ ಚಳಿಗಾಲದಲ್ಲಿ. ನೆರೆಹೊರೆಯೋರೆಲ್ಲ ಸೇರಿ ಕರುಳು ತೊಳೆದು, ತುಂಬಿ, ಆಲ್ಡರ್, ಬೀಚ್, ಪ್ಲಮ್ ಮರದ ಹೊಗೇಲಿ ತೂಗಾಕೋರು. ಪೈನ್ ಬ್ಯಾಡ, ಅದರ ಅಂಟಿನ ಹೊಗೆ ಕಹಿ. ಉಪ್ಪು, ಹೊಗೆ, ಚಳಿ ಮೂರೂ ಸೇರಿದ್ರಿಂದ ಬಾಡು ಉಳೀತಿತ್ತು. ಒಂದನ್ನ ಕಿತ್ರೆ ಲೆಕ್ಕ ತಪ್ಪೋಯ್ತು.

ಅದಕ್ಕೇ ವಿಡಿಯೋ ನೋಡ್ಕೊಂಡು ನಮ್ಮ ಮಂಡ್ಯ, ಮೈಸೂರಿನ ಸೆಕೇಲಿ ಸಾಸೇಜ್ ತೂಗಾಕೋ ಆಸೆ ಬ್ಯಾಡ. ನಮ್ಮ ಒಣಬಾಡು ನಡೀತದಲ್ಲ ಅನ್ಬೋದು. ಅದು ತೆಳ್ಳಗೆ ಸೀಳಿ, ಉಪ್ಪು ಅರಿಶಿನ ಹಚ್ಚಿ, ಸುಡುಬಿಸಿಲಲ್ಲಿ ಒಣಗಿಸೋದು. ಸಾಸೇಜ್‌ನಲ್ಲಿ ಕೊಚ್ಚಿದ ಬಾಡು ಒತ್ತಾಗಿ ಕೂತಿರ್ತದೆ, ಒಳಗೆ ಗಾಳಿ ಆಡಲ್ಲ. ಅಂತ ಜಾಗದಲ್ಲೇ ಬಾಟ್ಯುಲಿಸಮ್ ಅನ್ನೋ ವಿಷದ ರೋಗಾಣು ಬೆಳೆಯೋದು. ಆ ಹೆಸರು ಬಂದಿದ್ದೇ ಸಾಸೇಜ್‌ಗೆ ಇರೋ ಲ್ಯಾಟಿನ್ ಮಾತಿಂದ. ಈ ವಿಷ ಮೂಗಿಗೆ ಗೊತ್ತಾಗ್ದೇನೂ ಇರಬೋದು. ಅದನ್ನ ತಡೆಯಕ್ಕೇ ಅಲ್ಲಿ ನೈಟ್ರೈಟ್ ಬೆರೆತ ಉಪ್ಪನ್ನ ತೂಕ ಹಾಕಿ ಬಳಸ್ತಾರೆ. ಕಣ್ಣಂದಾಜು ನಡಿಯಲ್ಲ.

ಹಂಗಂತ ಭಯಪಟ್ಟು ಎಸೀರಿ ಅಂತಿಲ್ಲ. 1981ರಿಂದ 1989ರವರೆಗೆ ಬಾಡನ್ನ ರೇಷನ್ ಕಾರ್ಡ್‌ನಲ್ಲಿ ಕೊಂಡ ದೇಶ ಅದು. ಒಂದು ತುಂಡಿನ ಬೆಲೆ ಅಲ್ಲಿನ ಹೆಂಗಸರಿಗೆ ಗೊತ್ತು. ಸರಿಯಾಗಿ ಇಟ್ರೆ ಎಸೆಯೋ ಮಾತೇ ಬರಲ್ಲ. ದಿನಾ ತಿನ್ನೋದು ಮಾತ್ರ ಬ್ಯಾಡ. ಹಿಂಗೆ ಸಂಸ್ಕರಿಸಿದ ಬಾಡು ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಹೇಳ್ಯದೆ.

ಮಕ್ಕಳಿಗೆ ಇನ್ನೊಂದು ಹೇಳಿ. ಪೊಟ್ಟಣದ ಮೇಲೆ "ನಲೆಝಿ ಸ್ಪೊಝಿಚ್ ದೊ" ಅಂತ ಇದ್ರೆ, ಆ ತಾರೀಕು ದಾಟಿದ್ದನ್ನ ಮುಟ್ಟಬ್ಯಾಡಿ ಅಂತ ಅರ್ಥ. ಮುಂದಿನ ಸಲ ಫೋನಲ್ಲಿ "ಉಂಡ್ಯಾ?" ಅಂದಾದ ಮೇಲೆ, "ಯಾವುದು, ಯಾವತ್ತು ತಂದಿದ್ದು?" ಅಂತಾನೂ ಕೇಳ್ರವ್ವ.