ಅಂಪೈರ್ ನಮ್ಮವನೇ ಆದರೆ

ಕೊಯ್ಲು ಮುಗಿದ ಗದ್ದೆಯಲ್ಲಿ ಭಾನುವಾರ ಪಕ್ಕದೂರಿನವರೊಂದಿಗೆ ನಾವು ಆಡುವ ಟೆನಿಸ್ ಬಾಲ್ ಪಂದ್ಯಕ್ಕೆ ಕಪ್ ಇಲ್ಲ, ಎಂಟ್ರಿ ಫೀಸೂ ಇಲ್ಲ. ಎಲ್‌ಬಿಡಬ್ಲ್ಯು ಅಂತೂ ಇಲ್ಲವೇ ಇಲ್ಲ. ಬ್ಯಾಟಿಂಗ್ ತಂಡದವನೇ ಅಂಪೈರ್. ಕಳೆದ ವಾರ ಒಂದು ಕೀಪರ್ ಕ್ಯಾಚಿಗೆ ಶುರುವಾದ ವಾದ ಅಸರ್ ಬಾಂಗ್ ಆದರೂ ಮುಗಿಯಲಿಲ್ಲ. ಸೋಮವಾರ ಕ್ಲಾಸಿನಲ್ಲಿ ಅವರಿಬ್ಬರ ನಡುವೆ ಸಲಾಂ ಕೂಡ ಇಲ್ಲ!

ಹೊರಗಿನ ಅಂಪೈರ್ ಕರೆಸೋಣ ಎನ್ನುತ್ತಾರೆ ಕೆಲವರು. ನನಗೆ ಒಪ್ಪಿಗೆಯಿಲ್ಲ. ಹೊರಗಿನವರೂ ತಪ್ಪುತ್ತಾರೆ. 1980ರ ಮುಂಬೈ ಟೆಸ್ಟಿನಲ್ಲಿ ಅಂಪೈರ್ ಔಟ್ ಕೊಟ್ಟ ಇಂಗ್ಲೆಂಡಿನ ಬಾಬ್ ಟೇಲರನ್ನು ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ವಾಪಸ್ ಕರೆದರು. ಭಾರತ 10 ವಿಕೆಟ್‌ಗಳಿಂದ ಸೋತಿತು, ನಿಜ. ನಮ್ಮಲ್ಲಿ ಸೋಲುವುದಕ್ಕೆ ಏನಿದೆ?

ಚೆಂಡು ತಾಗಿದ್ದು ಬ್ಯಾಟ್ ಹಿಡಿದವನಿಗೆ ಗೊತ್ತಿರುತ್ತದೆ. ಅವನೇ ಹೇಳಿ ಹೊರನಡೆಯಲಿ. ಈ ಭಾನುವಾರ ಟಾಸ್‌ಗೆ ಮೊದಲೇ ಎರಡೂ ಕ್ಯಾಪ್ಟನ್‌ಗಳು ಇದನ್ನು ಮಾತಾಡಿಕೊಳ್ಳಲಿ. ನಮ್ಮ ಕಡೆ ಓಪನಿಂಗ್ ನನ್ನದೇ.